ಮೊದಲು ನೀರು, ಆಮೇಲೆ ಗಿಡ, ಕೊನೆಗೆ ಡಿಸ್ಕಸ್

ಡಿಸ್ಕಸ್ ಸಾಕುವ ಆಸೆ ಹೆಚ್ಚಿನವರಿಗೆ ಹುಟ್ಟುವುದು ಯಾವುದೋ ಒಂದು ಫೋಟೊ ನೋಡಿ. ಹಿಂದೆ ದಟ್ಟ ಹಸಿರು, ಮುಂದೆ ಊಟದ ತಟ್ಟೆಯಂತೆ ಗುಂಡಗೆ ಚಪ್ಪಟೆಯಾದ ಕೆಂಪು, ನೀಲಿ ಮೀನುಗಳ ಗುಂಪು, ಮೇಲಿಂದ ಇಳಿಯುವ ಬೆಳಕು. ಫೋಟೊ ಸುಳ್ಳು ಹೇಳುವುದಿಲ್ಲ. ಆದರೆ ಆ ಟ್ಯಾಂಕಿಗೆ ವಾರಕ್ಕೆ ಎಷ್ಟು ಬಕೆಟ್ ನೀರು ಹೊತ್ತು ಹಾಕಿದ್ದಾರೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಮೊದಲ ಸಲ ಟ್ಯಾಂಕ್ ಇಡುವವರು ಗಾಜು, ಲೈಟು, ಗಿಡ, ಮೀನು ಅನ್ನುವ ಕ್ರಮದಲ್ಲಿ ಖರೀದಿಗೆ ಹೊರಡುತ್ತಾರೆ. ನೀರಿನ ಯೋಚನೆ ಬರುವುದು ಮೀನು ಕಪ್ಪಗಾಗಿ ಮೂಲೆ ಸೇರಿದ ಮೇಲೆ. ಹೊಸ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತುಂಬಿಡುತ್ತೀರಿ, ಹಳೆ ನೀರು ಎಲ್ಲಿಗೆ ಹೋಗುತ್ತದೆ? ಈ ಮೂರು ತೀರ್ಮಾನವಾದ ಮೇಲೆ ಗಾಜಿನ ಅಳತೆ ಕೊಟ್ಟರೆ ಸಾಕು. ಉಳಿದ ಎಲ್ಲ ಆಯ್ಕೆಗಳೂ ಇದರ ಬೆನ್ನಿಗೇ ಬರುತ್ತವೆ.

ಡಿಸ್ಕಸ್‌ನ ತವರು ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನ. 1840ರಲ್ಲಿ ಆಸ್ಟ್ರಿಯಾದ ಮೀನುತಜ್ಞ ಯೋಹಾನ್ ಯಾಕೋಬ್ ಹೆಕೆಲ್ ಇದನ್ನು ಮೊದಲು ವಿವರಿಸಿ ಸಿಂಫಿಸೋಡಾನ್ ಎಂಬ ಕುಲನಾಮ ಕೊಟ್ಟ. ಕಾಡಿನ ಒಂದು ಬಗೆಗೆ ಈಗಲೂ ಹೆಕೆಲ್ ಡಿಸ್ಕಸ್ ಎಂದೇ ಹೆಸರು. ರಿಯೊ ನೆಗ್ರೊ ನದಿಯ ದಂಡೆಯಲ್ಲಿರುವ ಬ್ರೆಜಿಲ್‌ನ ಬಾರ್ಸೆಲೋಸ್ ಊರಿನಲ್ಲಿ ಬಣ್ಣದ ಮೀನಿನ ಹಬ್ಬವೇ ನಡೆಯುತ್ತದೆ. ಜನ ಡಿಸ್ಕಸ್ ಪಂಗಡ, ಕಾರ್ಡಿನಲ್ ಟೆಟ್ರಾ ಪಂಗಡ ಎಂದು ಎರಡಾಗಿ ಹಾಡಿ ಕುಣಿದು ಸ್ಪರ್ಧೆಗೆ ಇಳಿಯುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಮೀನುಗಳಲ್ಲಿ ಹೆಚ್ಚಿನವು ಆ ನದಿಯನ್ನು ಕಂಡವಲ್ಲ. ಅವು ಥಾಯ್ಲೆಂಡ್, ಮಲೇಷ್ಯಾದ ಪೆನಾಂಗ್, ಇಲ್ಲವೇ ಚೆನ್ನೈನ ಕೊಳತ್ತೂರಿನಂಥ ಕಡೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ತಳಿಗಳು. ಪಿಜನ್ ಬ್ಲಡ್, ಬ್ಲೂ ಡೈಮಂಡ್, ರೆಡ್ ಮೆಲನ್, ಲೆಪರ್ಡ್ ಎಂದೆಲ್ಲ ಅಂಗಡಿಯವರು ಹೇಳುವ ಹೆಸರುಗಳು ಈ ಸಾಕು ತಳಿಗಳವು.

ತವರಿನ ವಿಷಯದಲ್ಲಿ ನಾವು ತಿಳಿದಿರಬೇಕಾದದ್ದು ಒಂದಿದೆ. ಡಿಸ್ಕಸ್ ಇರುವ ಕಪ್ಪು ನೀರಿನ ಹೊಳೆಗಳಲ್ಲಿ ನೀರೊಳಗಿನ ಗಿಡಗಳು ತೀರಾ ಕಡಿಮೆ. ಕೊಳೆತ ಎಲೆಗಳ ರಸ ಇಳಿದು ನೀರು ಕಂದಾಗಿರುತ್ತದೆ, ತಳಕ್ಕೆ ಬೆಳಕು ಮುಟ್ಟುವುದಿಲ್ಲ, ಮಳೆಗಾಲದಲ್ಲಿ ಮಟ್ಟ ಹಲವಾರು ಮೀಟರ್ ಏರಿ ಕಾಡೇ ಮುಳುಗುತ್ತದೆ. ಅಲ್ಲಿ ಮೀನು ಅಡಗುವುದು ಬಿದ್ದ ಮರದ ಕೊಂಬೆಗಳ ಸಂದಿಯಲ್ಲಿ. ಅಂದಮೇಲೆ ಗಿಡಗಳ ಟ್ಯಾಂಕ್ ನಮ್ಮ ಕಣ್ಣಿನ ಸುಖಕ್ಕೆ. ಮೀನು ಅದನ್ನು ಕೇಳಿಲ್ಲ. ಅದು ಕೇಳುವುದು ಬಿಸಿ ನೀರು, ಶುದ್ಧ ನೀರು, ಅಡಗಲು ಒಂದು ಮರೆ, ಜೊತೆಗೆ ತನ್ನವರ ಗುಂಪು. ಇದು ಮನಸ್ಸಿನಲ್ಲಿದ್ದರೆ ಟ್ಯಾಂಕಿನ ಅರ್ಧವನ್ನಾದರೂ ಖಾಲಿ ಬಿಡುವ ಧೈರ್ಯ ಬರುತ್ತದೆ.

ಜಗಳ ಎಲ್ಲಿ

ಗಿಡಕ್ಕೂ ಈ ಮೀನಿಗೂ ಮೂರು ಕಡೆ ಹೊಂದುವುದಿಲ್ಲ. ಮೊದಲನೆಯದು ಉಷ್ಣತೆ. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬೇಕು, ಅಕ್ವೇರಿಯಂ ಗಿಡಗಳಲ್ಲಿ ಹೆಚ್ಚಿನವು ನೆಮ್ಮದಿಯಾಗಿರುವುದು 22ರಿಂದ 26ರಲ್ಲಿ. ಬಿಸಿ ಏರಿದಂತೆ ಗಿಡದ ಉಸಿರಾಟ ಜೋರಾಗುತ್ತದೆ, ಬೆಳಕಿನಲ್ಲಿ ಗಳಿಸಿದ್ದನ್ನು ಅದು ಬೇಗ ಖರ್ಚು ಮಾಡಿಕೊಳ್ಳುತ್ತದೆ. ಜೊತೆಗೆ ಬಿಸಿ ನೀರಿನಲ್ಲಿ ಅನಿಲ ಕರಗುವುದೂ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ. ರಾತ್ರಿ ಲೈಟ್ ಆರಿದ ಮೇಲೆ ಗಿಡಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ. ಗಿಡ ತುಂಬಿದ ಟ್ಯಾಂಕಿನಲ್ಲಿ ಬೆಳಗಿನ ಜಾವಕ್ಕೆ ಮೀನು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ರಾತ್ರಿ ಹೊತ್ತು ಏರ್ ಸ್ಟೋನ್ ಓಡಿಸಿದರೆ ಈ ತೊಂದರೆ ತಪ್ಪುತ್ತದೆ.

ಎರಡನೆಯದು ಆಹಾರ. ಡಿಸ್ಕಸ್‌ಗೆ ಪ್ರೋಟೀನ್ ಹೆಚ್ಚಿರುವ ಆಹಾರ ದಿನಕ್ಕೆ ಎರಡು ಮೂರು ಸಲ ಬೇಕು, ಮರಿಗಳಿಗೆ ಐದಾರು ಸಲ. ತಿಂದು ಉಳಿದದ್ದು, ವಿಸರ್ಜಿಸಿದ್ದು ಎಲ್ಲ ಗಿಡದ ಬುಡ ಸೇರಿ ಕೊಳೆಯುತ್ತದೆ. ಬರಿಗಾಜಿನ ತಳವಾದರೆ ಸೈಫನ್ ಹಾಕಿ ಐದು ನಿಮಿಷದಲ್ಲಿ ಎಳೆದುಬಿಡಬಹುದು, ಗಿಡದ ಪೊದೆಯೊಳಗೆ ಅದು ಆಗುವುದಿಲ್ಲ. ಮೂರನೆಯದು ಬೆಳಕು. ಗಿಡಕ್ಕೆ ಹೆಚ್ಚು ಬೇಕು, ಮೀನಿಗೆ ಮಂದವಾದದ್ದು ಹಿತ. ಕಣ್ಣು ಕೋರೈಸುವ ಎಲ್‌ಇಡಿ ಹಾಕಿದರೆ ಹೊಸ ಮೀನು ದಿಮ್ಮಿಯ ಹಿಂದಿನಿಂದ ಹೊರಗೇ ಬರುವುದಿಲ್ಲ.

ಈ ಜಗಳದಲ್ಲಿ ಮೊದಲ ಟ್ಯಾಂಕಿನವರು ಮೀನಿನ ಪಕ್ಷ ವಹಿಸಬೇಕು. ಉಷ್ಣತೆ, ನೀರು, ಆಹಾರ ಮೀನಿಗೆ ತಕ್ಕಂತಿರಲಿ. ಅದನ್ನು ಸಹಿಸುವ ಗಿಡಗಳನ್ನು ಮಾತ್ರ ಆರಿಸಿ. ಇಬ್ಬರನ್ನೂ ಅರ್ಧರ್ಧ ಸಮಾಧಾನಪಡಿಸಲು 26 ಡಿಗ್ರಿಯಲ್ಲಿ ಇಟ್ಟರೆ ಗಿಡ ಚೆನ್ನಾಗಿರುತ್ತದೆ. ಡಿಸ್ಕಸ್ ಮಾತ್ರ ಊಟ ಬಿಟ್ಟು ನಿಧಾನವಾಗಿ ಸೊರಗುತ್ತದೆ.

ನಿಮ್ಮ ನಲ್ಲಿಯ ನೀರು

ಸಾಕು ತಳಿಗಳಿಗೆ ಪಿಎಚ್ 6.5ರಿಂದ 7.5ರ ನಡುವೆ ಎಷ್ಟಿದ್ದರೂ ನಡೆಯುತ್ತದೆ. ಅದು ಸ್ಥಿರವಾಗಿರಬೇಕು, ಅಷ್ಟೇ. ಪಿಎಚ್ ಇಳಿಸುವ ದ್ರವ, ಏರಿಸುವ ದ್ರವ ಎಂದು ಅಂಗಡಿಯವರು ಕೊಡುವ ಸಣ್ಣ ಬಾಟಲಿಗಳನ್ನು ಮುಟ್ಟಬೇಡಿ. ಈ ದಿನ 6.5, ಮೂರು ದಿನ ಬಿಟ್ಟು 7.8 ಎಂದು ಓಲಾಡುವ ನೀರು ಒಂದೇ ಸಮ 7.4 ಇರುವ ನೀರಿಗಿಂತ ಕೆಟ್ಟದ್ದು.

ಕಾವೇರಿ ನೀರು ಬರುವ ಮನೆಯವರ ಕೆಲಸ ಸುಲಭ. ಅದರಲ್ಲಿರುವ ಕ್ಲೋರಿನ್ ತೆಗೆದರೆ ಸಾಮಾನ್ಯವಾಗಿ ನೇರವಾಗಿಯೇ ಬಳಸಬಹುದು. ಬೋರ್‌ವೆಲ್ ನೀರಿನವರು ಮೊದಲು ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಒಂದನ್ನು ಕೊಳ್ಳಿ. 200ರ ಆಸುಪಾಸು ಬಂದರೆ ಸಂತೋಷ. 800 ತೋರಿಸಿದರೆ ಆರ್‌ಒ ನೀರು ಬೆರೆಸಬೇಕಾಗುತ್ತದೆ. ಆರ್‌ಒ ನೀರಿನ ಟಿಡಿಎಸ್ 50 ಇದೆ ಅಂದುಕೊಳ್ಳಿ. ಒಂದು ಬಕೆಟ್ ಬೋರ್ ನೀರಿಗೆ ನಾಲ್ಕು ಬಕೆಟ್ ಆರ್‌ಒ ನೀರು ಸೇರಿಸಿದಾಗ ಲೆಕ್ಕ 200ಕ್ಕೆ ಬರುತ್ತದೆ. ಬರೀ ಆರ್‌ಒ ನೀರನ್ನೇ ತುಂಬುವುದು ತಪ್ಪು. ಅದರಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಕಾರ್ಬೊನೇಟ್ ಇರುವುದಿಲ್ಲ, ಒಂದು ದಿನ ಪಿಎಚ್ ಧಡಾರನೆ ಕುಸಿಯುತ್ತದೆ, ಗಿಡಕ್ಕೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಗುವುದಿಲ್ಲ. ಚಾವಣಿಯ ಮಳೆನೀರು ಹಿಡಿಯುವವರಿಗೆ ಆರ್‌ಒ ಯಂತ್ರದ ಹಂಗೇ ಬೇಡ. ಮೊದಲ ಮಳೆಯ ಕೊಳೆ ನೀರು ಬಿಟ್ಟು, ಆಮೇಲಿನದ್ದನ್ನು ಇದೇ ರೀತಿ ಬೆರೆಸಿಕೊಳ್ಳಬಹುದು.

ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಎಡವುವ ಜಾಗ ಒಂದಿದೆ: ವಾಟರ್ ಸಾಫ್ಟ್‌ನರ್. ಸೋಪು ಚೆನ್ನಾಗಿ ನೊರೆ ಬರುತ್ತದೆ, ಆದ್ದರಿಂದ ನೀರು ಮೆದುವಾಗಿದೆ, ಡಿಸ್ಕಸ್‌ಗೆ ಮೆದು ನೀರು ಬೇಕು, ಹಾಗಾಗಿ ಇದು ಸರಿ ಎಂದು ತರ್ಕ ಓಡುತ್ತದೆ. ಆದರೆ ಉಪ್ಪು ಸುರಿದು ನಡೆಸುವ ಆ ಯಂತ್ರ ಮಾಡುವ ಕೆಲಸವೆಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದೇ ಜಾಗಕ್ಕೆ ಸೋಡಿಯಂ ಕೂರಿಸುವುದು. ಟಿಡಿಎಸ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಮೀನಿಗೆ ಅದರಿಂದ ಲಾಭವಿಲ್ಲ, ಗಿಡಕ್ಕೆ ನಷ್ಟವೇ. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನಲ್ಲಿ ಎಲ್ಲಿದೆ ಎಂದು ಮೇಂಟೆನೆನ್ಸ್‌ನವರನ್ನು ಕೇಳಿ ಹಿಡಿದುಕೊಳ್ಳಿ.

ಈಗ ಬಕೆಟ್ ಲೆಕ್ಕ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕ್ ಬಾಯಿಯವರೆಗೆ ತುಂಬಿದರೆ ಸುಮಾರು 340 ಲೀಟರ್. ಮರಳು, ಮರ, ಮೇಲೆ ಬಿಡುವ ಜಾಗ ಕಳೆದರೆ 300 ಲೀಟರ್ ನೀರು. ಬೆಳೆದ ಒಂದು ಡಿಸ್ಕಸ್‌ಗೆ 40 ಲೀಟರ್ ಎಂದು ಹಿಡಿದರೂ ಆರು ಮೀನಿಗೆ ಧಾರಾಳ. ಆರಕ್ಕಿಂತ ಕಡಿಮೆ ತರಬೇಡಿ. ಎರಡು ಮೂರೇ ಇದ್ದರೆ ಬಲವಾದದ್ದು ಉಳಿದವನ್ನು ಅಟ್ಟಾಡಿಸಿ ಊಟಕ್ಕೇ ಬಿಡುವುದಿಲ್ಲ, ಗುಂಪು ದೊಡ್ಡದಾದಷ್ಟೂ ಆ ಹೊಡೆತ ಹಂಚಿಹೋಗುತ್ತದೆ. ಇಂಥ ಟ್ಯಾಂಕಿನಲ್ಲಿ ವಾರಕ್ಕೆ ಶೇ 40ರಷ್ಟು ನೀರು ಬದಲಾಯಿಸುವುದು ಕನಿಷ್ಠ. ಅಂದರೆ 120 ಲೀಟರ್; 15 ಲೀಟರಿನ ಎಂಟು ಬಕೆಟ್ ಹೊರಗೆ, ಎಂಟು ಬಕೆಟ್ ಒಳಗೆ. ಬೋರ್ ನೀರಿನವರಾದರೆ ಇದರಲ್ಲಿ 96 ಲೀಟರ್ ಆರ್‌ಒ ನೀರು. ಇದನ್ನು ಪ್ರತಿ ವಾರ, ಹಬ್ಬ ಹುಣ್ಣಿಮೆ ಮದುವೆ ಅನ್ನದೆ ಮಾಡಲು ಮನಸ್ಸಿದೆಯೇ ಎಂದು ಈಗಲೇ ಕೇಳಿಕೊಳ್ಳಿ. ಇಲ್ಲವೆಂದಾದರೆ ಗಪ್ಪಿ, ಟೆಟ್ರಾಗಳ ಚಿಕ್ಕ ಗಿಡದ ಟ್ಯಾಂಕ್ ಇಡಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮನಸ್ಸಿದ್ದವರು 200 ಲೀಟರಿನ ನೀಲಿ ಡ್ರಮ್ ಒಂದನ್ನು ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ ಇಡಿ. ರಾಸಾಯನಿಕ ತುಂಬಿದ್ದ ಹಳೆ ಡ್ರಮ್ ಬೇಡ. ಹಿಂದಿನ ದಿನವೇ ನೀರು ತುಂಬಿ ಏರ್ ಸ್ಟೋನ್ ಬಿಟ್ಟರೆ ಒಂದು ದಿನದಲ್ಲಿ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಸಾಕು. ಡ್ರಮ್‌ಗೊಂದು ಹೀಟರ್ ಬಿಟ್ಟು ಹೊಸ ನೀರು ಹಳೆಯದಕ್ಕಿಂತ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾಗದಂತೆ ನೋಡಿಕೊಳ್ಳಿ. ಒಂದು ಸಣ್ಣ ಪಂಪು, ಟ್ಯಾಂಕ್ ಮುಟ್ಟುವಷ್ಟು ಪೈಪು ಇದ್ದರೆ ಬೆನ್ನು ಉಳಿಯುತ್ತದೆ. ಹೊರಗೆ ತೆಗೆದ ಹಳೆ ನೀರು ಕುಂಡದ ಕರಿಬೇವು, ದಾಸವಾಳಕ್ಕೆ ಒಳ್ಳೆಯ ಗೊಬ್ಬರ.

ಗಾಜು, ಹೀಟರ್, ಫಿಲ್ಟರ್

ಎರಡು ಅಡಿ ಎತ್ತರಕ್ಕೆ 12 ಮಿಲಿಮೀಟರ್ ಗಾಜು ಹಾಕಿಸಿ. ನೀರು, ಗಾಜು, ಮರಳು ಸೇರಿ ತೂಕ 450 ಕಿಲೊ ಆಸುಪಾಸು ಹೋಗುತ್ತದೆ, ಸ್ಟ್ಯಾಂಡ್ ಬೇರೆ. ಗೋಡೆಗೆ ಒತ್ತಿ, ಸಾಧ್ಯವಾದರೆ ಬೀಮ್ ಇರುವ ಕಡೆ ಇಡಿ, ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕ ಬೇಡ. ಗಾಜಿನ ಕೆಳಗೆ ಥರ್ಮಾಕೋಲ್ ಹಾಸಿ.

ಮಂಗಳೂರು, ಉಡುಪಿಯ ಮನೆಗಳಲ್ಲಿ ವರ್ಷದ ಬಹುಪಾಲು ನೀರು ತಾನಾಗಿಯೇ 27–28ರಲ್ಲಿರುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯ ಕಥೆ ಬೇರೆ, ಅಲ್ಲಿ ಹೀಟರ್ ಇಲ್ಲದೆ ಆಗುವುದಿಲ್ಲ. ಒಂದೇ ದೊಡ್ಡ ಹೀಟರ್ ಬದಲು 200 ವ್ಯಾಟ್‌ನ ಎರಡನ್ನು ಟ್ಯಾಂಕಿನ ಎರಡು ತುದಿಗೆ ಹಾಕಿ. ಹೀಟರ್ ಕೈಕೊಡುವುದು ಎರಡು ರೀತಿ: ಆರಿಹೋಗುತ್ತದೆ, ಇಲ್ಲವೇ ಆರದೆ ಉರಿಯುತ್ತಲೇ ಇರುತ್ತದೆ. ಎರಡನೆಯದೇ ಹೆಚ್ಚು ಅಪಾಯ. 200 ವ್ಯಾಟ್‌ನದು ಒಂದೇ ಸಿಕ್ಕಿಹಾಕಿಕೊಂಡರೆ 300 ಲೀಟರ್ ನೀರು ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಎರಡೂ ಸೇರಿ ದಿನದ ಅರ್ಧ ಹೊತ್ತು ಉರಿದರೆ 4.8 ಯೂನಿಟ್, ಚಳಿಗಾಲದ ಕರೆಂಟ್ ಬಿಲ್ಲಿನಲ್ಲಿ ಇದು ಕಾಣುತ್ತದೆ. ಹೀಟರಿನ ಡಯಲ್ ನಂಬದೆ ಬೇರೆಯದೇ ಥರ್ಮೋಮೀಟರ್ ಇಟ್ಟುಕೊಳ್ಳಿ. ನೀರು ತೆಗೆಯುವ ಮೊದಲು ಹೀಟರಿನ ಪ್ಲಗ್ ಕಿತ್ತಿಡುವುದು ಅಭ್ಯಾಸವಾಗಲಿ. ನೀರಿನಿಂದ ಹೊರಗೆ ಉರಿದ ಹೀಟರ್ ಒಡೆಯುತ್ತದೆ. ಒಡೆದದ್ದು ಗೊತ್ತಾಗದೆ ನೀರಿಗೆ ಕೈ ಹಾಕಿದರೆ ಆಗುವುದನ್ನು ಹೇಳಬೇಕಿಲ್ಲ.

ಫಿಲ್ಟರ್ ಕ್ಯಾನಿಸ್ಟರ್ ಆಗಲಿ, ಗಂಟೆಗೆ ಟ್ಯಾಂಕಿನ ನೀರನ್ನು ನಾಲ್ಕೈದು ಸಲ ತಿರುಗಿಸುವಷ್ಟು ಶಕ್ತಿಯದು. ನೀರು ಹೀರುವ ಕೊಳವೆಯ ಬಾಯಿಗೆ ಒಂದು ಸ್ಪಾಂಜ್ ತುರುಕಿ, ಅದನ್ನು ಎರಡು ದಿನಕ್ಕೊಮ್ಮೆ ಹಿಂಡಿದರೆ ಅರ್ಧ ಕೊಳೆ ಫಿಲ್ಟರಿನೊಳಗೇ ಹೋಗುವುದಿಲ್ಲ. ಹಿಂಡುವುದು ಟ್ಯಾಂಕಿನದೇ ಹಳೆ ನೀರಿನಲ್ಲಿ. ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದರೆ ಒಳಗಿನ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ. ಜೊತೆಗೆ ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದಿರಲಿ. ಕರೆಂಟ್ ಹೋದಾಗ ಮೀನಿಗೆ ಮೊದಲು ತಟ್ಟುವುದು ಚಳಿಯಲ್ಲ, ಉಸಿರು.

ತಳ ಮತ್ತು ಗಿಡ

ಮರಳು ಸಣ್ಣದಾಗಿ, ದುಂಡಗೆ ಇರಬೇಕು. ಡಿಸ್ಕಸ್ ಮೇಯುವುದನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಮೈಯನ್ನು ಮುಂದಕ್ಕೆ ಬಾಗಿಸಿ, ಮೂತಿಯನ್ನು ಮರಳಿನಿಂದ ಒಂದಿಂಚು ಮೇಲೆ ನಿಲ್ಲಿಸಿ, ಬಾಯಿಂದ ಫೂ ಎಂದು ನೀರಿನ ಚಿಲುಮೆ ಬಿಡುತ್ತದೆ. ಮರಳು ಎದ್ದು ಸಣ್ಣ ಗುಳಿ ಬೀಳುತ್ತದೆ, ಅಡಗಿದ್ದ ಹುಳು ಮೇಲೆ ತೇಲುತ್ತದೆ, ಲಬಕ್ಕನೆ ಹಿಡಿಯುತ್ತದೆ. ದಪ್ಪ ಜಲ್ಲಿಯಾದರೆ ಅದು ಊದಿದ್ದು ವ್ಯರ್ಥ, ಆಹಾರ ಸಂದಿಗೆ ಇಳಿದು ಅಲ್ಲೇ ಕೊಳೆಯುತ್ತದೆ. ಮನೆ ಕಟ್ಟುವ ಎಂ ಸ್ಯಾಂಡ್ ಬೇಡ, ಅದರ ಅಂಚು ಚೂಪು. ನೀರು ಶುದ್ಧೀಕರಣದವರು ಬಳಸುವ ಸಿಲಿಕಾ ಫಿಲ್ಟರ್ ಮರಳು ಚೆನ್ನಾಗಿ ನಡೆಯುತ್ತದೆ. ಎರಡು ಹನಿ ನಿಂಬೆರಸ ಬಿಟ್ಟು ನೋಡಿ: ಬುರುಬುರು ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ನೀರನ್ನು ಗಡಸು ಮಾಡುತ್ತದೆ, ವಾಪಸ್ ಕೊಡಿ. ಎರಡು ಇಂಚಿಗಿಂತ ದಪ್ಪ ಹಾಸುವ ಅಗತ್ಯವಿಲ್ಲ.

ಹಾಗಾದರೆ ಗಿಡದ ಬೇರಿಗೆ ಗೊಬ್ಬರ? ಇಲ್ಲಿ ಹಳೆಯ ಉಪಾಯವೊಂದಿದೆ: ಮಣ್ಣಿನ ಕುಂಡ. ಬಣ್ಣ ಬಳಿಯದ ನಾಲ್ಕಿಂಚಿನ ಕುಂಡ ತೆಗೆದುಕೊಂಡು ತಳದ ತೂತಿಗೆ ಸ್ಪಾಂಜಿನ ತುಂಡು ಒತ್ತಿ. ಒಂದಿಂಚು ಅಕ್ವಾಸಾಯಿಲ್ ಎಂಬ ಅಕ್ವೇರಿಯಂ ಮಣ್ಣು, ಅದರೊಳಗೆ ಒಂದು ರೂಟ್ ಟ್ಯಾಬ್ ಎಂಬ ಗೊಬ್ಬರದ ಗುಳಿಗೆ, ಮೇಲೆ ಮರಳು. ಗಿಡದ ಬೇರನ್ನು ಎರಡಿಂಚಿಗೆ ಕತ್ತರಿಸಿ ನೆಟ್ಟು, ಕಾಂಡ ಮತ್ತು ಬೇರು ಕೂಡುವ ಬಿಳಿ ಭಾಗ ಮರಳಿನ ಮೇಲೆ ಕಾಣುವಂತೆ ಬಿಡಿ. ಮೇಲೆ ನಾಲ್ಕು ಬೆಣಚುಕಲ್ಲು ಇಟ್ಟರೆ ಮೀನು ಊದಿದರೂ ಮರಳು ಹಾರುವುದಿಲ್ಲ. ಇಂಥ ಏಳೆಂಟು ಕುಂಡಗಳನ್ನು ಡ್ರಿಫ್ಟ್‌ವುಡ್ ದಿಮ್ಮಿಯ ಹಿಂದೆ ಜೋಡಿಸಿದರೆ ಎದುರಿನಿಂದ ನೋಡುವವರಿಗೆ ಕುಂಡವೇ ಕಾಣುವುದಿಲ್ಲ. ಕ್ಲೀನ್ ಮಾಡುವ ದಿನ ಕುಂಡ ಎತ್ತಿಟ್ಟು, ತಳದ ಕೊಳೆ ಎಳೆದು, ಮತ್ತೆ ಅಲ್ಲೇ ಇಟ್ಟರೆ ಮುಗಿಯಿತು, ಬೇರಿಗೆ ತಿಳಿಯುವುದೇ ಇಲ್ಲ. ಗಿಡದ ಟ್ಯಾಂಕಿನ ಶಾಸ್ತ್ರಿಗಳು ಇದನ್ನು ಒಪ್ಪಲಿಕ್ಕಿಲ್ಲ. ಒಪ್ಪದಿರಲಿ, ನೀರು ಬದಲಾಯಿಸುವವರು ಅವರಲ್ಲ. ಡಿಸ್ಕಸ್ ಜೋಡಿ ಕಟ್ಟಿದರೆ ಆ ಕುಂಡದ ಹೊರಮೈಗೇ ಮೊಟ್ಟೆ ಅಂಟಿಸುವುದುಂಟು. ಮರಿಗಳು ಮೊದಲ ದಿನಗಳಲ್ಲಿ ತಂದೆ ತಾಯಿಯ ಮೈಯ ಲೋಳೆಯನ್ನೇ ತಿಂದು ಬೆಳೆಯುವುದು ಮೀನುಗಳಲ್ಲಿ ಅಪರೂಪದ ನೋಟ, ಆದರೆ ಅದು ಬೇರೆಯದೇ ಲೇಖನವಾದೀತು.

ಯಾವ ಗಿಡ? ಅಮೆಜಾನ್ ಸ್ವೋರ್ಡ್ ಮೊದಲ ಆಯ್ಕೆ. ಬಿಸಿ ತಡೆಯುತ್ತದೆ, ದೊಡ್ಡ ಎಲೆ ಮೀನಿಗೆ ಮರೆ ಕೊಡುತ್ತದೆ, ಗೊಬ್ಬರ ಮಾತ್ರ ಚೆನ್ನಾಗಿ ಉಣ್ಣುತ್ತದೆ. ಅನೂಬಿಯಸ್ ಮತ್ತು ಜಾವಾ ಫರ್ನ್‌ಗಳನ್ನು ಮರಕ್ಕೆ ದಾರದಿಂದ ಕಟ್ಟಬೇಕು, ದಪ್ಪ ಗೆಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಉದ್ದ ಪಟ್ಟಿಯ ವ್ಯಾಲಿಸ್ನೇರಿಯಾ ಹಿಂಬದಿಗೆ. ಕ್ರಿಪ್ಟೊಕೊರೈನ್ ಜಾತಿಗಳು ಮಧ್ಯಕ್ಕೆ. ಇವುಗಳಲ್ಲಿ ಸ್ಪೈರಾಲಿಸ್, ರೆಟ್ರೊಸ್ಪೈರಾಲಿಸ್ ಎಂಬೆರಡು ನಮ್ಮ ದಕ್ಷಿಣ ಭಾರತದ ಹೊಳೆಗಳವೇ, ಪಶ್ಚಿಮ ಘಟ್ಟದ ಬೇಸಿಗೆಯನ್ನೂ ಪ್ರವಾಹವನ್ನೂ ಕಂಡವು. ಹಾಗೆಂದು ಹೊಳೆಗೆ ಹೋಗಿ ಕೀಳಬೇಡಿ. ಅವು ಅಲ್ಲಿನ ದಂಡೆಯನ್ನು ಹಿಡಿದು ನಿಂತಿರುತ್ತವೆ, ಅವುಗಳ ಜೊತೆ ಬಸವನಹುಳು, ಪರೋಪಜೀವಿಗಳೂ ಮನೆಗೆ ಬರುತ್ತವೆ. ನೀರುಬ್ರಾಹ್ಮಿಯನ್ನೂ ಪ್ರಯತ್ನಿಸಬಹುದು. ಮೇಲೆ ಒಂದು ಮೂಲೆಗೆ ನಾಲ್ಕು ಅಂತರಗಂಗೆ ತೇಲಿಬಿಟ್ಟರೆ ಬೆಳಕು ಮಂದವಾಗುತ್ತದೆ, ಅದರ ಬೇರು ನೈಟ್ರೇಟ್ ಹೀರುತ್ತದೆ. ಅದು ಟ್ಯಾಂಕ್ ಪೂರ್ತಿ ಮುಚ್ಚುವ ಮೊದಲು ವಾರವಾರ ತೆಗೆದು ಗೊಬ್ಬರದ ಗುಂಡಿಗೆ ಹಾಕಿ, ಕೆರೆಗೆ ಬಿಡಬೇಡಿ. ನೆಲಕ್ಕೆ ಹುಲ್ಲುಹಾಸಿನಂತೆ ಹರಡುವ ಕಾರ್ಪೆಟ್ ಗಿಡಗಳು, ಕಡುಕೆಂಪು ಕಾಂಡದ ಗಿಡಗಳು ಈ ಬಿಸಿಯಲ್ಲಿ ಮೊದಲ ಸಲಕ್ಕೆ ಬೇಡ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮೇಲೆ ಹೇಳಿದ ಗಿಡಗಳಿಗೆ ಬೇಡ. ಆಮ್ಲಜನಕ ಮೊದಲೇ ಕಡಿಮೆಯಿರುವ ಬಿಸಿ ನೀರಿನಲ್ಲಿ ಆ ಅನಿಲ ಸ್ವಲ್ಪ ಹೆಚ್ಚಾದರೂ ಮೀನು ಮಲಗುತ್ತದೆ. ಲೈಟು ಮೊದಲು ದಿನಕ್ಕೆ ಆರು ಗಂಟೆ, ಗಿಡ ಹಿಡಿದುಕೊಂಡ ಮೇಲೆ ಎಂಟು. ಅದಕ್ಕಿಂತ ಹೆಚ್ಚಾದದ್ದು ಪಾಚಿಗೆ. ಹೊಸದಾಗಿ ನೆಟ್ಟ ಕ್ರಿಪ್ಟೊಕೊರೈನ್ ಎಲೆಗಳು ಎರಡನೆಯ ವಾರ ಕರಗಿದಂತಾಗಿ ಬೀಳುತ್ತವೆ. ಸತ್ತಿತೆಂದು ಕಿತ್ತೆಸೆಯಬೇಡಿ. ಹೆಚ್ಚಿನ ಗಿಡಗಳನ್ನು ನರ್ಸರಿಯಲ್ಲಿ ನೀರಿನ ಮೇಲೆ ಬೆಳೆಸಿರುತ್ತಾರೆ, ನೀರೊಳಗಿನ ಹೊಸ ಎಲೆ ಬೇರಿನಿಂದ ಬರಬೇಕು.

ಡ್ರಿಫ್ಟ್‌ವುಡ್ ನೀರಿಗೆ ಕಂದು ಬಣ್ಣ ಬಿಡುತ್ತದೆ, ಅದರಿಂದ ತೊಂದರೆಯಿಲ್ಲ. ಬೇಕೆಂದರೆ ಕಾಡುಬಾದಾಮಿ ಮರದ ತಾನೇ ಉದುರಿದ ಒಣ ಎಲೆ ಎರಡು ಮೂರು ತೊಳೆದು ಹಾಕಬಹುದು. ರಸ್ತೆ ಬದಿಯ ಹೊಗೆ ತಿಂದ ಎಲೆ ಬೇಡ.

ಮೀನಿಲ್ಲದ ಒಂದೂವರೆ ತಿಂಗಳು

ಎಲ್ಲ ಸಿದ್ಧವಾಯಿತು, ನೀರು ತಿಳಿಯಾಯಿತು ಎಂದ ಕೂಡಲೇ ಮೀನು ತಂದವರೇ ಹೆಚ್ಚು ಕಳೆದುಕೊಳ್ಳುವುದು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಫಿಲ್ಟರಿನೊಳಗೆ ಇವು ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಅವಕ್ಕೆ ತಿನ್ನಲು ಅಮೋನಿಯಾ ಕೊಡಬೇಕು. ರಾಸಾಯನಿಕ ಅಂಗಡಿಯ ಶುದ್ಧ ಅಮೋನಿಯಂ ಕ್ಲೋರೈಡ್ 2 ಗ್ರಾಂ ಹಾಕಿದರೆ 300 ಲೀಟರ್ ನೀರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು, ಆದರೆ ಅದರಲ್ಲಿ ಬೇರೇನು ಬೆರೆತಿದೆಯೋ ಹೇಳಲಾಗದು, ಬೇಡ. ಟೆಸ್ಟ್ ಕಿಟ್‌ನಲ್ಲಿ ನೋಡುತ್ತ ಹೋಗಿ. ಇಷ್ಟು ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯುವ ದಿನ ಟ್ಯಾಂಕ್ ತಯಾರು. ಆಗ ಅರ್ಧಕ್ಕಿಂತ ಹೆಚ್ಚು ನೀರು ಬದಲಾಯಿಸಿ, ಕೂಡಿಬಿದ್ದ ನೈಟ್ರೇಟ್ ಇಳಿಸಿ.

ಇಲ್ಲಿ ಪಿಎಚ್ ಹೆಚ್ಚಿರುವ ಬೋರ್ ನೀರಿನವರು ಗಮನಿಸಬೇಕಾದ ಲೆಕ್ಕವೊಂದಿದೆ. ಅಮೋನಿಯಾದ ವಿಷ ಪಿಎಚ್ ಮತ್ತು ಬಿಸಿಯ ಜೊತೆ ಏರುತ್ತದೆ. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇ 6ಕ್ಕೂ ಹೆಚ್ಚು. ಕಿಟ್ ತೋರಿಸುವ ಬಣ್ಣ ಒಂದೇ ಇದ್ದರೂ ನಿಮ್ಮ ಮೀನಿಗೆ ತಟ್ಟುವ ಏಟು ಪಕ್ಕದ ಮನೆಯವರ ಮೀನಿನದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಹೆಚ್ಚಿರಬಹುದು.

ಈ ಆರು ವಾರ ಗಿಡಗಳಿಗೂ ಬೇಕಾದ ಸಮಯವೇ. ಮೊದಲ ಎರಡು ಮೂರು ವಾರ ಅವನ್ನು 26 ಡಿಗ್ರಿಯಲ್ಲಿ ಬಿಟ್ಟು, ಬೇರು ಹಿಡಿದ ಮೇಲೆ ನಿಧಾನವಾಗಿ 28–29ಕ್ಕೆ ಏರಿಸಿ. ಮೀನು ಬರುವ ಮೊದಲೇ ಯಾವ ಗಿಡ ತಡೆಯುವುದಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ.

ಮೀನು ಆರಿಸುವಾಗ

ಎರಡಿಂಚಿನ ಅಗ್ಗದ ಮರಿಗಳನ್ನು ಗಿಡದ ಟ್ಯಾಂಕಿಗೆ ತರಬೇಡಿ. ಅವುಗಳಿಗೆ ದಿನವಿಡೀ ಆಹಾರ, ಹೆಚ್ಚುಕಡಿಮೆ ದಿನವೂ ಹೊಸ ನೀರು ಬೇಕು. ಇಲ್ಲವಾದರೆ ಕುಂಠಿತವಾಗಿ ಉಳಿಯುತ್ತವೆ. ನಾಲ್ಕಿಂಚಿನ ಆಸುಪಾಸಿನವು ಒಂದಕ್ಕೆ ನಾಲ್ಕಂಕಿಯ ಬೆಲೆಯಾದರೂ ಕೊನೆಗೆ ಅದೇ ಅಗ್ಗ. ಎಲ್ಲವನ್ನೂ ಒಂದೇ ಕಡೆಯಿಂದ, ಒಂದೇ ಸಲಕ್ಕೆ ತನ್ನಿ. ಅಂಗಡಿಯಲ್ಲಿ ಬಣ್ಣಕ್ಕಿಂತ ಮೊದಲು ಕಣ್ಣು ನೋಡಿ: ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಂಡರೆ ಮೀನು ಕುಂಠಿತವಾಗಿದೆ, ವಯಸ್ಸಾದರೂ ಮೈ ಬೆಳೆದಿಲ್ಲ. ಹಣೆಯ ಭಾಗ ಚಾಕುವಿನಂತೆ ತೆಳುವಾಗಿದ್ದರೆ, ಹಿಕ್ಕೆ ಬಿಳಿ ದಾರದಂತೆ ನೇತಾಡುತ್ತಿದ್ದರೆ, ಒಂದೇ ಕಿವಿರಿನಿಂದ ಉಸಿರಾಡುತ್ತಿದ್ದರೆ ಬಿಡಿ. ಊಟ ಹಾಕಿ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕೈ ಹತ್ತಿರ ಬಂದಾಗ ಮುಂದೆ ಬರುವ ಮೀನೇ ಮೀನು.

ತಂದದ್ದನ್ನು ನೇರ ಗಿಡದ ಟ್ಯಾಂಕಿಗೆ ಬಿಡದೆ ಮರಳು, ಗಿಡ ಏನೂ ಇಲ್ಲದ ಬರಿಗಾಜಿನ ಟ್ಯಾಂಕಿನಲ್ಲಿ ಹೀಟರ್, ಬ್ಯಾಕ್ಟೀರಿಯಾ ಬೇರೂರಿದ ಸ್ಪಾಂಜ್ ಫಿಲ್ಟರ್ ಹಾಕಿ ನಾಲ್ಕು ವಾರ ಇಡಿ. ಕರುಳಿನ ಪರೋಪಜೀವಿಗೆ ಮೆಟ್ರೊನಿಡಜೋಲ್ ಕೊಡುವುದಿದ್ದರೂ, ಉಪ್ಪು ಹಾಕುವುದಿದ್ದರೂ ಅಲ್ಲೇ ಆಗಲಿ. ಗಿಡದ ಟ್ಯಾಂಕಿಗೆ ಉಪ್ಪು ಸುರಿದರೆ ಆರು ವಾರದ ಶ್ರಮ ಆರು ದಿನದಲ್ಲಿ ಕರಗುತ್ತದೆ.

ಜೊತೆಗಾರರಾಗಿ ಕಾರ್ಡಿನಲ್ ಟೆಟ್ರಾ, ರಮ್ಮಿನೋಸ್, ಬಿಸಿ ತಡೆಯುವ ಸ್ಟರ್ಬಾಯ್ ಕೊರಿಡೋರಾಸ್ ಸರಿ. ಏಂಜಲ್ ಮೀನು ಬೇಡ, ಅವು ಊಟದಲ್ಲಿ ಚುರುಕು, ರೋಗವನ್ನೂ ಹೊತ್ತು ತರಬಹುದು. ಪಾಚಿ ತಿನ್ನುತ್ತದೆ ಎಂದು ಪ್ರತಿ ಅಂಗಡಿಯಲ್ಲೂ ಕೈಗೆ ಕೊಡುವ ಸಕ್ಕರ್ ಮೀನಂತೂ ಬೇಡವೇ ಬೇಡ. ರಾತ್ರಿ ಡಿಸ್ಕಸ್‌ನ ಅಗಲವಾದ ಮೈಗೆ ಅಂಟಿಕೊಂಡು ಲೋಳೆ ಕೆರೆಯುತ್ತದೆ. ಬೆಳೆದು ದೊಡ್ಡದಾದಾಗ ಅದನ್ನು ಕೆರೆಗೆ ಬಿಟ್ಟು ಕೈತೊಳೆದುಕೊಂಡವರಿಂದ ನಮ್ಮ ಕೆರೆಗಳಿಗೆ ಆಗಿರುವ ಹಾನಿ ಸಾಕಷ್ಟಿದೆ.

ಊಟಕ್ಕೆ ಒಳ್ಳೆಯ ಕಾಳು ಆಹಾರ, ಫ್ರೋಜನ್ ಬ್ಲಡ್‌ವರ್ಮ್, ವಾರಕ್ಕೆರಡು ಸಲ ಸಿಗಡಿ ರುಬ್ಬಿ ಸ್ಪಿರುಲಿನಾ ಬೆರೆಸಿ ಹೆಪ್ಪುಗಟ್ಟಿಸಿದ ತುಣುಕು. ಬೀಫ್ ಹಾರ್ಟ್ ಮಿಶ್ರಣ ಸಾಕಣೆದಾರರ ಹಳೆಯ ನೆಚ್ಚಿನದು, ಮೀನು ಬೇಗ ಬೆಳೆಯುತ್ತದೆ, ನೀರೂ ಅಷ್ಟೇ ಬೇಗ ಕೆಡುತ್ತದೆ. ಗಿಡದ ಟ್ಯಾಂಕಿನಲ್ಲಿ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಚರಂಡಿಯಿಂದ ಹಿಡಿದು ತರುವ ಜೀವಂತ ಟ್ಯೂಬಿಫೆಕ್ಸ್ ಹುಳು ಇನ್ನೂ ಅಪಾಯ. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ, ಉಳಿದದ್ದನ್ನು ಪೈಪಿನಿಂದ ಎಳೆದುಬಿಡಿ.

ಟೆಸ್ಟ್ ಕಿಟ್‌ಗಿಂತ ಮುಂಚೆ ಸುದ್ದಿ ಕೊಡುವುದು ಮೀನಿನ ಮೈ. ಪಟ್ಟೆಗಳಿರುವ ತಳಿಗಳಲ್ಲಿ ಮೈಮೇಲೆ ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಒಂಬತ್ತು ಪಟ್ಟೆ. ನೆಮ್ಮದಿಯಾಗಿದ್ದಾಗ ಅವು ಮಸುಕಾಗಿ ಕಾಣುವುದೇ ಇಲ್ಲ, ಹೆದರಿದಾಗ ಕ್ಷಣದಲ್ಲಿ ಎದ್ದುಬರುತ್ತವೆ, ಮತ್ತೆ ಹೋಗುತ್ತವೆ. ಬೆಳಿಗ್ಗೆ ಲೈಟ್ ಹಾಕಿದಾಗ ಪಟ್ಟೆ ಕಂಡು ಹತ್ತು ನಿಮಿಷದಲ್ಲಿ ಮಾಯವಾದರೆ ಚಿಂತೆಯಿಲ್ಲ. ಇಡೀ ದಿನ ನಿಂತರೆ, ಮೈ ಕಪ್ಪಾಗಿ ರೆಕ್ಕೆ ಮುದುಡಿ ಒಂದೇ ಮೀನು ಮೂಲೆ ಹಿಡಿದರೆ ಮೊದಲು ಉಷ್ಣತೆ ನೋಡಿ, ಆಮೇಲೆ ಅಮೋನಿಯಾ, ಆಮೇಲೆ ಮೂರನೇ ಒಂದು ಭಾಗ ನೀರು ಬದಲಾಯಿಸಿ. ಔಷಧಿಯ ಬಾಟಲಿ ಇದೆಲ್ಲ ಆದ ಮೇಲೆ. ಪಿಜನ್ ಬ್ಲಡ್ ತಳಿಗಳಲ್ಲಿ ಪಟ್ಟೆ ಇರುವುದಿಲ್ಲ. ಅವುಗಳ ಊಟದ ಹುರುಪನ್ನೇ ನೋಡಿ ಅಂದಾಜು ಮಾಡಬೇಕು.

ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟು ಹೋಗಬೇಡಿ. ಪ್ರೀತಿಯಿಂದ ಹಿಡಿ ತುಂಬ ಹಾಕುತ್ತಾರೆ. ಚೆನ್ನಾಗಿ ಬೆಳೆದ ಡಿಸ್ಕಸ್ ನಾಲ್ಕೈದು ದಿನ ಉಪವಾಸವಿರಬಲ್ಲದು. ಅದಕ್ಕೂ ಹೆಚ್ಚು ದಿನವಾದರೆ ಒಂದೊಂದು ಹೊತ್ತಿನದನ್ನು ಕಾಗದದ ಪೊಟ್ಟಣ ಕಟ್ಟಿ, ದಿನಾಂಕ ಬರೆದಿಡಿ. ಅವರು ದಿನಕ್ಕೊಮ್ಮೆ ಬಂದು ನೋಡಬೇಕಾದದ್ದು ಎರಡೇ: ಥರ್ಮೋಮೀಟರಿನ ಅಂಕಿ, ಫಿಲ್ಟರಿನಿಂದ ನೀರು ಬೀಳುತ್ತಿದೆಯೇ ಇಲ್ಲವೇ. ಇವೆರಡರ ಫೋಟೊ ಕಳಿಸಿದರೆ ಸಾಕು ಎಂದು ಹೇಳಿ ಬೀಗದ ಕೈ ಕೊಡಿ.